ಕೊಡಗಿನ ಸರಕಿಗೆ ಯಾವ ಹಿನ್ನೆಲೆ? ಪುಟ್ಟ ಸ್ಟುಡಿಯೋದ ಬಣ್ಣದ ಲೆಕ್ಕ

ಆನ್‌ಲೈನ್‌ನಲ್ಲಿ ಮಾರಾಟಕ್ಕಿರುವ ಕೊಡಗಿನ ಕಾಫಿ ಪುಡಿಯ ಫೋಟೊಗಳನ್ನು ಸಾಲಾಗಿ ನೋಡುತ್ತಾ ಹೋಗಿ. ಬಹುಪಾಲು ಒಂದೇ ಥರ: ಕೆಳಗೆ ಗೋಣಿತಾಟು, ಅದರ ಮೇಲೆ ಚೆಲ್ಲಿದ ಹುರಿದ ಬೀಜ, ಹಿಂದೆ ಮರದ ಹಲಗೆಯ ಚಿತ್ರ ಅಚ್ಚಾದ ವಿನೈಲ್ ಹಾಳೆ. ಪ್ಯಾಕೆಟ್ಟೂ ಕಂದು, ಬೀಜವೂ ಕಂದು, ತಾಟೂ ಹಲಗೆಯೂ ಕಂದು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಅದೇ ಫೋಟೊ ಮೊಬೈಲಿನಲ್ಲಿ ಹೆಬ್ಬೆರಳಗಲಕ್ಕೆ ಇಳಿದಾಗ ಪ್ಯಾಕೆಟ್ ಎಲ್ಲಿ ಮುಗಿಯಿತು, ಹಲಗೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಪಾಪ, ಗೋಣಿಯನ್ನು ಬೈದು ಫಲವಿಲ್ಲ. ಕಾಫಿಗೆ ಯಾವುದು ಹೊಂದುತ್ತದೆ ಎಂದು ಎಲ್ಲರೂ ಯೋಚಿಸುತ್ತಾರೆ, ಕಾಫಿಯನ್ನು ಯಾವುದು ಬಿಡಿಸಿ ತೋರಿಸುತ್ತದೆ ಎಂದು ಯೋಚಿಸುವವರು ಕಡಿಮೆ.

ಈ ಬರಹ ಮನೆಯ ಒಂದು ಕೋಣೆ, 4 ಅಡಿಯ ಮೇಜು, ಒಂದೆರಡು ಲೈಟು, ಮೊಬೈಲ್ ಅಥವಾ ಸಾಧಾರಣ ಕ್ಯಾಮೆರಾ ಇಟ್ಟುಕೊಂಡು ಕೆಲಸ ಮಾಡುವವರಿಗೆ. ಕಾಫಿ, ಜೇನು, ಒಳ್ಳೆಮೆಣಸು, ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಕಪ್ಪು ಹುಳಿರಸ), ಮನೆಯಲ್ಲಿ ಮಾಡಿದ ಚಾಕೊಲೇಟ್ ಇವೇ ಉದಾಹರಣೆಗಳು. ಅಂಗೈಯಿಂದ ಮೊಳದವರೆಗಿನ ಯಾವ ವಸ್ತುವಿಗೂ ಇದೇ ಲೆಕ್ಕ ನಡೆಯುತ್ತದೆ.

ಮೊದಲು ತಿಳಿ-ಗಾಢ, ಆಮೇಲೆ ಬಣ್ಣ

ಹಿನ್ನೆಲೆ ಬಣ್ಣ ಎಂದ ಕೂಡಲೇ ಕೆಂಪೋ ನೀಲಿಯೋ ಹಸಿರೋ ಎಂದು ಯೋಚನೆ ಹರಿಯುತ್ತದೆ. ಆದರೆ ಕಣ್ಣು ವಸ್ತುವಿನ ಅಂಚನ್ನು ಹಿಡಿಯುವುದು ಮುಖ್ಯವಾಗಿ ತಿಳಿ-ಗಾಢದ ವ್ಯತ್ಯಾಸದಿಂದ. ಹಾಗಾಗಿ ಯಾವ ಹಿನ್ನೆಲೆಯನ್ನೇ ಇಡಿ, ಮೊಬೈಲಿನಲ್ಲಿ ಒಂದು ಪರೀಕ್ಷಾ ಫೋಟೊ ತೆಗೆದು ಕಪ್ಪು-ಬಿಳುಪು ಫಿಲ್ಟರ್ ಹಾಕಿ ನೋಡಿ. ಅಂಚು ಕಾಣದಿದ್ದರೆ ಆ ಹಿನ್ನೆಲೆ ಬೇಡ.

ಸಪ್ಪೆ ಹಸಿರು ಹಲಗೆಯ ಮುಂದೆ ಕ್ರಾಫ್ಟ್ ಕಾಗದದ ಕಾಫಿ ಪ್ಯಾಕೆಟ್ ಇಡಿ. ಕಣ್ಣಿಗೆ ಸೊಗಸಾದ ಜೋಡಿ. ಕಪ್ಪು-ಬಿಳುಪು ಮಾಡಿದಿರೋ, ಪ್ಯಾಕೆಟ್ ಮಾಯ. ಎಡಿಟಿಂಗ್ ಆ್ಯಪ್‌ನ ಐಡ್ರಾಪರ್‌ನಿಂದ ಅಳೆದರೆ ಕಾರಣ ಸಿಗುತ್ತದೆ. ಕ್ರಾಫ್ಟ್ ಕಾಗದ ಸುಮಾರು 185, 150, 110 (ಕ್ರಮವಾಗಿ ಕೆಂಪು, ಹಸಿರು, ನೀಲಿಯ ಅಂಕಿ). ಸಪ್ಪೆ ಹಸಿರು ಸುಮಾರು 150, 160, 135. ಬಣ್ಣ ಬೇರೆ, ಆದರೆ ಬೂದಿಗೆ ಇಳಿಸಿದಾಗ ಎರಡೂ 155ರ ಆಸುಪಾಸಿನಲ್ಲಿ ಬಂದು ನಿಲ್ಲುತ್ತವೆ. 0ಯಿಂದ 255ರ ಅಳತೆಯಲ್ಲಿ ವಸ್ತುವಿಗೂ ಹಿನ್ನೆಲೆಗೂ ಕಡೇಪಕ್ಷ 40-50 ಅಂಕದ ಅಂತರ ಇರಲಿ. ಸಣ್ಣ ಗಾತ್ರದಲ್ಲಿ ನೋಡುವ ಫೋಟೊಗೆ 70 ಇದ್ದರೆ ಇನ್ನೂ ಒಳ್ಳೆಯದು.

ಅಂತರ ಸಾಲದಿದ್ದರೆ ಹೊಸ ಹಲಗೆಯೇ ಬೇಕೆಂದಿಲ್ಲ. ಬೆಳಕು ದೂರ ಹೋದಂತೆ ದೂರದ ವರ್ಗಕ್ಕೆ ತಕ್ಕಂತೆ ಕುಂದುತ್ತದೆ: ದೂರ ದುಪ್ಪಟ್ಟಾದರೆ ಬೆಳಕು ಕಾಲು ಭಾಗ, ಅಂದರೆ 2 ಸ್ಟಾಪ್ ಕಡಿಮೆ (ಬೆಳಕು ಅರ್ಧವಾದರೆ 1 ಸ್ಟಾಪ್ ಇಳಿಕೆ, ದುಪ್ಪಟ್ಟಾದರೆ 1 ಸ್ಟಾಪ್ ಏರಿಕೆ). ಲೈಟು ಪ್ಯಾಕೆಟ್ಟಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದು, ಹಿನ್ನೆಲೆ ಪ್ಯಾಕೆಟ್ಟಿನಿಂದ ಇನ್ನೂ 60 ಸೆಂಟಿಮೀಟರ್ ಹಿಂದಿದ್ದರೆ ಹಿನ್ನೆಲೆಗೆ ಬೀಳುವುದು ಆ ಕಾಲು ಭಾಗವೇ. ಆಗ 118ರ ಮಧ್ಯಮ ಬೂದು ಹಲಗೆ ಫೋಟೊದಲ್ಲಿ 60ರ ಸುತ್ತಮುತ್ತ ಬರುತ್ತದೆ, ಹೆಚ್ಚುಕಡಿಮೆ ಇದ್ದಿಲಿನ ಬಣ್ಣ. ಬಿಳಿ ಹಾಳೆ 130ರ ಬೂದಾಗುತ್ತದೆ. "ಬಿಳಿ ಚಾರ್ಟ್ ಇಟ್ಟರೂ ಬೂದಿ ಬಳಿದ ಹಾಗೆ ಬರುತ್ತದೆ" ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ. ಅದೇ ಲೈಟನ್ನು ಪ್ಯಾಕೆಟ್ಟಿನಿಂದ 2 ಮೀಟರ್ ದೂರಕ್ಕೆ ಒಯ್ದರೆ ಪ್ಯಾಕೆಟ್ಟಿಗೂ ಹಿನ್ನೆಲೆಗೂ ನಡುವಿನ ವ್ಯತ್ಯಾಸ ಮುಕ್ಕಾಲು ಸ್ಟಾಪಿಗೆ ಇಳಿಯುತ್ತದೆ, ಹಲಗೆ ತನ್ನ ನಿಜ ಬಣ್ಣಕ್ಕೆ ಹತ್ತಿರ ಬರುತ್ತದೆ. ಅಂದಮೇಲೆ ಅಂಗಡಿಯಲ್ಲಿ ಕೊಂಡ ಬಣ್ಣ ಕಚ್ಚಾ ಸಾಮಾನಷ್ಟೇ. ಫೋಟೊದಲ್ಲಿ ಬರುವ ಬಣ್ಣವನ್ನು ಲೈಟಿನ ದೂರ ತೀರ್ಮಾನಿಸುತ್ತದೆ.

ಈ ಕಾರಣಕ್ಕೇ ಮೊದಲು ಮಾಡಿಸಿಕೊಳ್ಳಬೇಕಾದ ಹಲಗೆ ಮಧ್ಯಮ ಬೂದು. ಬೆಳಕು ಹೆಚ್ಚಿಸಿದರೆ ತಿಳಿ, ತಗ್ಗಿಸಿದರೆ ಕಪ್ಪು. ಹಿಂದೆ ಇನ್ನೊಂದು ಸಣ್ಣ ಲೈಟು ಇಟ್ಟು ಅದರ ಮೇಲೆ ನೀಲಿಯದೋ ಕೇಸರಿಯದೋ ಜಿಲೆಟಿನ್ ಹಾಳೆ ಕಟ್ಟಿದರೆ ಬೂದು ಹಲಗೆ ಆ ಬಣ್ಣವನ್ನೇ ತಾಳುತ್ತದೆ. ಬಿಳಿಯ ಮೇಲೆ ಹೀಗೆ ಮಾಡಲು ಹೋದರೆ ಬಣ್ಣ ತೊಳೆದುಹೋದಂತೆ ಪೇಲವವಾಗುತ್ತದೆ, ಏಕೆಂದರೆ ಮುಖ್ಯ ಲೈಟಿನ ಚೂರುಪಾರು ಬೆಳಕೂ ಬಿಳಿಯ ಮೇಲೆ ಬಿದ್ದು ಬಣ್ಣವನ್ನು ತಿನ್ನುತ್ತದೆ.

ಒಂದೇ ಬೆಳೆ, ನಾಲ್ಕು ಬಣ್ಣ

ಕಾಫಿಗೆ ಒಂದು ಹಿನ್ನೆಲೆ ಎಂಬ ಮಾತೇ ತಪ್ಪು. ಹಣ್ಣು, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಸಮೇತದ ಬೀಜ), ಹಸಿರು ಬೀಜ, ಹುರಿದ ಬೀಜ ನಾಲ್ಕಕ್ಕೂ ಬೇರೆ ಬೇರೆ ಜಾತಕ.

ಹಣ್ಣು ಕೆಂಪು. ಕಡು ಕೆಂಪಿನಲ್ಲಿ ಕ್ಯಾಮೆರಾದ ಕೆಂಪು ಚಾನೆಲ್ ಮೊದಲು ತುಂಬಿ ಹರಿಯುತ್ತದೆ. ಹಸಿರು, ನೀಲಿ ಚಾನೆಲ್‌ಗಳು ಖಾಲಿ ಇರುತ್ತವೆ. ಒಟ್ಟು ಹಿಸ್ಟೋಗ್ರಾಂ (ಹೊಳಪಿನ ಹಂಚಿಕೆಯ ಗ್ರಾಫ್) ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಹಣ್ಣಿನ ಮೈ ಮಾತ್ರ ಪ್ಲಾಸ್ಟಿಕ್ ಗುಂಡಿನ ಹಾಗೆ ಚಪ್ಪಟೆ. ಮೂರು ಚಾನೆಲ್‌ಗಳ ಹಿಸ್ಟೋಗ್ರಾಂ ಬೇರೆ ಬೇರೆಯಾಗಿ ತೆರೆದು, ಕೆಂಪು ಬಲ ಅಂಚಿಗೆ ಬಡಿಯದ ಹಾಗೆ ಎಕ್ಸ್‌ಪೋಷರ್ ಇಳಿಸಿ. ಹಿನ್ನೆಲೆಗೆ ಎಲೆ ಹಸಿರು ಬೇಡ. ಕೆಂಪಿನ ಪಕ್ಕದಲ್ಲಿ ಕಡು ಹಸಿರಿಟ್ಟರೆ ಎರಡೂ ಕಣ್ಣಿಗೆ ಕಚ್ಚಾಡುತ್ತವೆ, ಮೇಲಾಗಿ ಎರಡರ ತಿಳಿ-ಗಾಢ ಹತ್ತಿರಹತ್ತಿರ. ತಿಳಿ ಬೂದು-ಹಸಿರು, ಅಥವಾ ಬೆಣ್ಣೆ ಬಣ್ಣ ಒಳ್ಳೆಯದು. ಇನ್ನೊಂದು ಮಾತು: ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಒರಟಾಗಿ ಉಳಿಸಿಕೊಳ್ಳುತ್ತದೆ. ಕಡು ಬಣ್ಣದ ಹಿನ್ನೆಲೆಯ ಮೇಲೆ ಕೆಂಪು ವಸ್ತುವಿಟ್ಟು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅಂಚು ಕಲಸಿಹೋಗುತ್ತದೆ. ಗಿರಾಕಿಗೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪಾರ್ಚ್‌ಮೆಂಟ್ ಸುಲಭ. ಕೆನೆ-ಹಳದಿ, ಸುಮಾರು 215, 195, 150. ಗಾಢ ನೀಲಿ-ಬೂದು ಹಲಗೆಯ ಮೇಲೆ ಸುರಿದು ಒಂದು ಪಕ್ಕದಿಂದ ಬೆಳಕು ಕೊಟ್ಟರೆ ಕೆಲಸ ಮುಗಿಯಿತು.

ಹಸಿರು ಬೀಜದಲ್ಲಿ ಎಚ್ಚರ ಬೇಕು, ಏಕೆಂದರೆ ಕೊಳ್ಳುವವನು ಬೀಜದ ಬಣ್ಣ ನೋಡಿಯೇ ಒಣಗಿಸಿದ ರೀತಿಯನ್ನೂ ಹಳತು-ಹೊಸತನ್ನೂ ಅಂದಾಜು ಮಾಡುತ್ತಾನೆ. ಹಳದಿ ಛಾಯೆಯ ಹಿನ್ನೆಲೆಯಲ್ಲಿ ಅದೇ ಬೀಜ ಇದ್ದದ್ದಕ್ಕಿಂತ ನೀಲಿಯಾಗಿ ಕಾಣುತ್ತದೆ, ಹಸಿರು ಹಿನ್ನೆಲೆಯಲ್ಲಿ ಮಂಕಾಗಿ ಕಂದಿದ ಹಾಗೆ ಕಾಣುತ್ತದೆ. ಇಲ್ಲಿ ಅಂದಚಂದ ಬದಿಗಿಟ್ಟು ನಿಷ್ಪಕ್ಷ ಬೂದು ಒಂದೇ. ಗಾಢ ಬೂದು ಇರಲಿ, ಬೀಜ ಸ್ವಲ್ಪ ತಿಳಿಯಾಗಿ ಎದ್ದು ಬರುತ್ತದೆ.

ಹುರಿದ ಬೀಜವೇ ಎಲ್ಲಕ್ಕಿಂತ ಹಠಮಾರಿ. ಬಿಳಿಯ ಮೇಲಿಟ್ಟರೆ ಕ್ಯಾಮೆರಾ ಬಿಳಿಯನ್ನು ಕಂಡು ಎಕ್ಸ್‌ಪೋಷರ್ ತಗ್ಗಿಸುತ್ತದೆ; ಮಧ್ಯಮ ಹುರಿತದ ಬೀಜ ಕರಕಲಾಗಿ ಕಾಣುತ್ತದೆ. ಕಪ್ಪಿನ ಮೇಲಿಟ್ಟರೆ ಕ್ಯಾಮೆರಾ ಬೆಳಕು ಹೆಚ್ಚಿಸಿ ಬೀಜವನ್ನು ಕೆಂಚು ಮಾಡುತ್ತದೆ, ಅಂಚು ಕತ್ತಲಲ್ಲಿ ಕರಗುತ್ತದೆ. ಎರಡೂ ಕಡೆ ಹುರಿತದ ಮಟ್ಟದ ಬಗ್ಗೆ ಫೋಟೊ ಸುಳ್ಳು ಹೇಳಿದಂತಾಯಿತು. ಪ್ಯಾಕೆಟ್ ಬಿಚ್ಚಿದ ಗಿರಾಕಿ "ಚಿತ್ರದಲ್ಲಿ ಡಾರ್ಕ್ ರೋಸ್ಟ್ ಇತ್ತಲ್ಲ" ಎನ್ನುವುದು ಇಲ್ಲಿಂದಲೇ. ಬೆಣ್ಣೆ ಬಣ್ಣ ಅಥವಾ ತಿಳಿ ಬೂದು ಹಿನ್ನೆಲೆ ಇಟ್ಟು, ಬೀಜದ ಪಕ್ಕದಲ್ಲಿ ಗ್ರೇ ಕಾರ್ಡ್ (ಅಳತೆಗೆಂದೇ ಇರುವ ಮಧ್ಯಮ ಬೂದು ಕಾರ್ಡ್) ಹಿಡಿದು ಮ್ಯಾನ್ಯುಯಲ್ ಎಕ್ಸ್‌ಪೋಷರ್ ಕೂರಿಸಿ, ಆಮೇಲೆ ಕಾರ್ಡ್ ತೆಗೆಯಿರಿ. ಬೀಜಕ್ಕೆ ಬೆಳಕು ಹಿಂಬದಿಯಿಂದ ಓರೆಯಾಗಿ, ಬಟರ್ ಪೇಪರ್ ದಾಟಿ ಬರಲಿ. ಆಗ ಎಣ್ಣೆಯ ಮಿಂಚು ಬೀಜದ ಬೆನ್ನ ಮೇಲೆ ಉದ್ದ ಗೆರೆಯಾಗಿ ಕೂರುತ್ತದೆ, ನಡುವಿನ ಸೀಳು ಕಾಣುತ್ತದೆ. ಎದುರಿನಿಂದ ಬೆಳಕು ಕೊಟ್ಟರೆ ಪ್ರತಿ ಬೀಜದ ಮೇಲೂ ಒಂದೊಂದು ಬಿಳಿ ಚುಕ್ಕಿ, ರಾಶಿ ತುಂಬ ಸಿಡುಬು ಎದ್ದ ಹಾಗೆ.

ಜೇನು ಮತ್ತು ಕಾಚಂಪುಳಿ: ಬಣ್ಣ ಹಿಂದಿನಿಂದ ಬರಬೇಕು

ಗಾಜಿನ ಬಾಟಲಿಯೊಳಗಿನ ದ್ರವಕ್ಕೆ ಹಿನ್ನೆಲೆ ಬರೀ ಹಿನ್ನೆಲೆಯಲ್ಲ, ಅದೇ ಬೆಳಕಿನ ಮೂಲ. ಜೇನಿನ ಬಣ್ಣ ಬೆಳಕು ಅದರೊಳಗೆ ಹಾದು ಬಂದಾಗ ಮಾತ್ರ ಕಾಣುವುದು. ಕಪ್ಪು ಬಟ್ಟೆಯ ಮುಂದೆ ಜೇನಿನ ಬಾಟಲಿ ಇಟ್ಟು ಮುಂದಿನಿಂದ ಎಷ್ಟೇ ಲೈಟು ಸುರಿದರೂ ಬಾಟಲಿಯೊಳಗೆ ಡೀಸೆಲ್ ತುಂಬಿದಂತೆ ಕಾಣುತ್ತದೆ. ಹಳದಿ ಹಿನ್ನೆಲೆ ಇಟ್ಟರೆ ಜೇನು ಹೊಳೆಯುತ್ತದೆ ಎಂಬ ನಂಬಿಕೆಯೂ ಸುಳ್ಳು. ಹಳದಿಯ ಪಕ್ಕದಲ್ಲಿ ಜೇನು ಕಂದಿದ ಕಂದಾಗುತ್ತದೆ. ಜೇನಿನ ಕಿತ್ತಳೆ ಛಾಯೆಯನ್ನು ಎತ್ತಿ ಕೊಡುವುದು ಬಣ್ಣಚಕ್ರದಲ್ಲಿ ಅದಕ್ಕೆ ಎದುರು ಕೂತಿರುವ ನೀಲಿ. ಆದರೆ ಕಡು ನೀಲಿಯಲ್ಲ, ಬೂದು ಬೆರೆತ ನೀಲಿ.

ಗಾಢ ನೀಲಿ-ಬೂದು ಹಲಗೆಯನ್ನು ಬಾಟಲಿಯಿಂದ 50-60 ಸೆಂಟಿಮೀಟರ್ ಹಿಂದೆ ನಿಲ್ಲಿಸಿ. ಬಿಳಿ ಕಾರ್ಡನ್ನು ಬಾಟಲಿಯ ಆಕಾರಕ್ಕೇ, ಸುತ್ತ ಅರ್ಧ ಸೆಂಟಿಮೀಟರ್ ಕಿರಿದಾಗಿ ಕತ್ತರಿಸಿ. ಅದನ್ನು ಬಾಟಲಿಯ ಹಿಂದೆ 3-4 ಸೆಂಟಿಮೀಟರ್ ದೂರದಲ್ಲಿ, ಮೇಲ್ಮುಖವಾಗಿ ಸ್ವಲ್ಪ ವಾಲಿಸಿ, ದಪ್ಪ ತಂತಿಯಿಂದಲೋ ಜೇಡಿಮಣ್ಣಿನ ಮುದ್ದೆಯಿಂದಲೋ ನಿಲ್ಲಿಸಿ. ಈಗ ಮೇಲಿನಿಂದ, ಸ್ವಲ್ಪ ಹಿಂಬದಿಯಿಂದ ಒಂದು ಲೈಟು. ಬೆಳಕು ಕಾರ್ಡಿಗೆ ಬಡಿದು ಜೇನಿನ ಮೂಲಕ ಕ್ಯಾಮೆರಾ ಕಡೆ ಬರುತ್ತದೆ. ಬಾಟಲಿ ಒಳಗಿನಿಂದ ದೀಪ ಹಚ್ಚಿದ ಹಾಗೆ ಬೆಳಗುತ್ತದೆ, ಹಿಂದಿನ ಹಲಗೆ ಗಾಢವಾಗಿಯೇ ಉಳಿಯುತ್ತದೆ. ಕಾರ್ಡ್ ಬಾಟಲಿಗಿಂತ ಅಗಲವಾದರೆ ಬದಿಯಲ್ಲಿ ಬಿಳಿ ಇಣುಕುತ್ತದೆ. ತೀರಾ ಕಿರಿದಾದರೆ ಜೇನಿನ ನಡುವೆ ಬೆಳಕಿನ ಪಟ್ಟಿ, ಅಕ್ಕಪಕ್ಕ ಕತ್ತಲೆ. ಗಾಜು ಬೆಳಕನ್ನು ಬಾಗಿಸುವುದರಿಂದ ಅಳತೆ ಬಾಟಲಿಯಿಂದ ಬಾಟಲಿಗೆ ಬದಲಾಗುತ್ತದೆ. ಕ್ಯಾಮೆರಾದಲ್ಲಿ ನೋಡುತ್ತಲೇ ಕತ್ತರಿ ಆಡಿಸಬೇಕು. ಲೇಬಲ್ಲಿಗೆ ಮುಂದಿನಿಂದ ಒಂದು ಬಿಳಿ ಥರ್ಮಾಕೋಲ್ ಹಿಡಿದರೆ ಅಕ್ಷರ ಓದಲು ಸಾಕಾಗುವಷ್ಟು ಬೆಳಕು ಬರುತ್ತದೆ.

ಕಾಚಂಪುಳಿಗೆ ಈ ಉಪಾಯ ಅಷ್ಟು ಫಲಿಸುವುದಿಲ್ಲ. ಅದು ಮಂದ, ಹೆಚ್ಚುಕಡಿಮೆ ಕಪ್ಪು; ಹಿಂದಿನ ಬೆಳಕು ದಾಟುವುದು ಅಂಚಿನ ತೆಳು ಭಾಗದಲ್ಲಿ ಮಾತ್ರ. ಬಿಳಿಯ ಮುಂದೆ ಇಟ್ಟರೆ ಕಪ್ಪು ನೆರಳುಚಿತ್ರ, ಕಪ್ಪಿನ ಮುಂದೆ ಇಟ್ಟರೆ ಗಾಳಿಯಲ್ಲಿ ತೇಲುವ ಲೇಬಲ್. ತಿಳಿ ಬೂದು-ಹಸಿರು ಅಥವಾ ಮಧ್ಯಮ ಬೂದು ಹಿನ್ನೆಲೆ ಇಟ್ಟು, ಬಾಟಲಿಯ ಎರಡೂ ಪಕ್ಕ 5 ಸೆಂಟಿಮೀಟರ್ ಅಗಲದ ಉದ್ದನೆಯ ಬಿಳಿ ಕಾರ್ಡ್ ನಿಲ್ಲಿಸಿ ಅವುಗಳಿಗೆ ಬೆಳಕು ಕೊಡಿ. ಗಾಜಿನ ಎರಡೂ ಅಂಚಿನಲ್ಲಿ ನೇರ ಬಿಳಿ ಗೆರೆ ಮೂಡುತ್ತದೆ. ಕಪ್ಪು ದ್ರವಕ್ಕೆ ಆಕಾರ ಕೊಡುವುದು ಆ ಗೆರೆಗಳೇ. ಒಂದು ಗೆರೆ ಇನ್ನೊಂದಕ್ಕಿಂತ ತೆಳ್ಳಗಿದ್ದರೆ ನೋಡಲು ಇನ್ನೂ ಸಹಜ.

ಪಕ್ಕದ ಬಣ್ಣದ ಕಿತಾಪತಿ

ಫ್ರಾನ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಒಂದು ದೂರು ಬಂದಿತ್ತು: ನೀಲಿ, ನೇರಳೆ ಬಟ್ಟೆಯ ಚಿತ್ರಗಳಲ್ಲಿ ಬಳಸುವ ಕಪ್ಪು ದಾರಕ್ಕೆ ಕಸುವಿಲ್ಲ ಎಂದು. ಪರೀಕ್ಷಿಸಿದರೆ ದಾರದ ಬಣ್ಣದಲ್ಲಿ ಕೊರತೆ ಇರಲಿಲ್ಲ. ಪಕ್ಕದ ನೀಲಿ ತನ್ನ ಎದುರು ಬಣ್ಣದ ಛಾಯೆಯನ್ನು ಕಪ್ಪಿನ ಮೇಲೆ ಹೊರಿಸಿ ಅದನ್ನು ಮಂಕು ಮಾಡುತ್ತಿತ್ತು. 1839ರಲ್ಲಿ ಅವನು ಇದನ್ನೆಲ್ಲ ನಿಯಮವಾಗಿ ಪ್ರಕಟಿಸಿದ. ಒಳ್ಳೆಮೆಣಸಿನ ಫೋಟೊ ತೆಗೆಯುವವರಿಗೆ ಇದು ಇವತ್ತೂ ಕೆಲಸಕ್ಕೆ ಬರುತ್ತದೆ. ಎದ್ದು ಕಾಣುವ ನೀಲಿಯ ಮೇಲೆ ಸುರಿದ ಮೆಣಸು ತುಕ್ಕು ಹಿಡಿದ ಹಾಗೆ ಕಂದಾಗಿ, ಹಳೇ ದಾಸ್ತಾನಿನಂತೆ ಕಾಣುತ್ತದೆ. ಬೆಣ್ಣೆ ಬಣ್ಣದ ಮೇಲೆ ಅದೇ ಮೆಣಸು ಕಡುಗಪ್ಪು. ಕಪ್ಪು ಕಲ್ಲಿನ ಮೇಲೆ ಮೆಣಸು ಹರಡುವ ಫ್ಯಾಷನ್ ಏಕೆ ಶುರುವಾಯಿತೋ ಗೊತ್ತಿಲ್ಲ. ಸುಕ್ಕುಗಟ್ಟಿದ ಸಿಪ್ಪೆಯೇ ಮೆಣಸಿನ ಅಂದ, ಅದೇ ಅಲ್ಲಿ ಕಾಣುವುದಿಲ್ಲ.

ಕೊಡಗಿನ ಕಿತ್ತಳೆಗೂ ಇದೇ ಜಾಗ್ರತೆ. ಹಣ್ಣಾದ ಮೇಲೂ ಅದರ ಸಿಪ್ಪೆಯಲ್ಲಿ ಹಸಿರು ಉಳಿದಿರುತ್ತದೆ. ಕೇಸರಿ ಬಣ್ಣದ ಹಿನ್ನೆಲೆ ಇಟ್ಟರೆ ಹಣ್ಣು ಕಾಯಿಯಂತೆ ಕಾಣುತ್ತದೆ. ನೀಲಿ-ಬೂದು ಇಡಿ, ಸಿಪ್ಪೆಯ ಹಳದಿ ಮೇಲೆ ಬರುತ್ತದೆ.

ಚಾಕೊಲೇಟ್‌ಗೆ ತಿಳಿ ಗುಲಾಬಿ, ಬೆಣ್ಣೆ ಬಣ್ಣ ಎರಡೂ ನಡೆಯುತ್ತವೆ. ಚಿನ್ನದ ಒಡವೆಯ ವಿಷಯ ಬೇರೆ: ಲೋಹಕ್ಕೆ ತನ್ನದೆಂಬ ಬಣ್ಣಕ್ಕಿಂತ ಸುತ್ತಮುತ್ತಲಿನ ಪ್ರತಿಫಲನವೇ ಹೆಚ್ಚು. ಪತ್ತಾಕನ್ನು (ಕೊಡವರ ಚಿನ್ನದ ಪದಕ) ಕೆಂಪು ಮಖಮಲ್ಲಿನ ಮೇಲಿಟ್ಟರೆ ಕೆಂಪು ಅದರ ಹೊಟ್ಟೆಯಲ್ಲಿ ಹೊಕ್ಕು ಚಿನ್ನ ತಾಮ್ರವಾಗುತ್ತದೆ. ಮ್ಯಾಟ್ ನೀಲಿ-ಬೂದು ಅಥವಾ ಇದ್ದಿಲು ಬಣ್ಣದ ಮೇಲಿಟ್ಟು, ಸುತ್ತಲೂ ಬಿಳಿ ಹಾಳೆಯ ಗೋಡೆ ಕಟ್ಟಿ.

ಬಣ್ಣ ಚೆಲ್ಲುವ ಈ ರೋಗ ಎಲ್ಲ ತಿಳಿ ಬಣ್ಣದ ವಸ್ತುವಿಗೂ ಇದೆ. ಸಾಸಿವೆ ಹಳದಿ ನೆಲದ ಮೇಲೆ ಬಿಳಿ ಲೋಟ ಇಟ್ಟರೆ ಲೋಟದ ಕೆಳಗಿನ ಎರಡು ಬೆರಳು ಹಳದಿ. ಹಿಂದಿನ ಹಲಗೆಯನ್ನು 60 ಸೆಂಟಿಮೀಟರ್ ದೂರ ಸರಿಸಿದರೆ ಅದರ ಚೆಲ್ಲುವಿಕೆ ನಿಲ್ಲುತ್ತದೆ. ನೆಲದ್ದು ನಿಲ್ಲುವುದಿಲ್ಲ, ವಸ್ತು ಅದರ ಮೇಲೆಯೇ ಕೂತಿದೆಯಲ್ಲ. ಆಗ ಇರುವ ದಾರಿ ಎರಡು: ಬೂದು ಬೆರೆತ ಸಪ್ಪೆ ಬಣ್ಣ ಆರಿಸುವುದು, ಅಥವಾ ಎಡಿಟಿಂಗ್‌ನಲ್ಲಿ ಲೋಟದ ಬುಡಕ್ಕೆ ಮಾತ್ರ ಸ್ಯಾಚುರೇಷನ್ ಇಳಿಸುವುದು. ಮೊದಲನೆಯದೇ ವಾಸಿ.

ಬಿಳಿಯ ಬಗ್ಗೆ

ಬಿಳಿ ಸುಲಭ ಎಂದು ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ಹಿನ್ನೆಲೆ ಅದೇ. ಅಮೆಜಾನ್‌ನಂಥ ಕಡೆ ಮುಖ್ಯ ಚಿತ್ರಕ್ಕೆ ಶುದ್ಧ ಬಿಳಿ, ಅಂದರೆ 255, 255, 255 ಬೇಕು, ವಸ್ತು ಚೌಕಟ್ಟಿನ 85% ತುಂಬಿರಬೇಕು. ಅದನ್ನು ಸಾಧಿಸಲು ಹಿನ್ನೆಲೆಗೆ ಬೇರೆಯೇ ಲೈಟು ಬೇಕು, ವಸ್ತುವಿಗಿಂತ ಅರ್ಧದಿಂದ 1 ಸ್ಟಾಪ್ ಹೆಚ್ಚು. ಒಂದೂವರೆ ಸ್ಟಾಪ್ ದಾಟಿದರೆ ಹಿಂದಿನ ಬಿಳಿ ಬೆಳಕು ಪ್ಯಾಕೆಟ್ಟಿನ ಅಂಚನ್ನು ಸುತ್ತಿಕೊಂಡು ತಿನ್ನುತ್ತದೆ, ಇಡೀ ಚಿತ್ರಕ್ಕೆ ಮಂಜು ಮುಸುಕಿದಂತಾಗುತ್ತದೆ. ಲೈಟು ಒಂದೇ ಇದ್ದರೆ ಹಿನ್ನೆಲೆ 230-240ಕ್ಕೆ ಬರುವ ಹಾಗೆ ತೆಗೆದು, ಉಳಿದದ್ದನ್ನು ಎಡಿಟಿಂಗ್‌ನಲ್ಲಿ ಎತ್ತಿ. ಕ್ಯಾಮೆರಾ ಆಟೋದಲ್ಲಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1ರಿಂದ +1.7ರವರೆಗೆ ಏರಿಸಬೇಕು, ಕಪ್ಪು ಹಿನ್ನೆಲೆಗೆ ಅಷ್ಟೇ ಇಳಿಸಬೇಕು. ಬಿಳಿ ಚಾರ್ಟ್ ಪೇಪರಿನಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಅದು ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಬಿಡುತ್ತದೆ. ಕಿಟಕಿ ಬೆಳಕಿನಲ್ಲಿ ನೀಲಿಬಿಳಿ ಕಂಡ ಹಾಳೆ, ಅತಿನೇರಳೆ ಇಲ್ಲದ ಎಲ್‌ಇಡಿ ಕೆಳಗೆ ಸ್ವಲ್ಪ ಹಳದಿ ಎನ್ನಿಸುವುದು ಇದಕ್ಕೇ.

ಹಲಗೆ ಮಾಡಿಕೊಳ್ಳುವುದು

ಚಾರ್ಟ್ ಪೇಪರ್ ಕಲಿಕೆಗೆ ಅಡ್ಡಿಯಿಲ್ಲ. ಸಾಮಾನ್ಯ ಹಾಳೆ 22 x 28 ಇಂಚು. ಒಂದು ಬಾಟಲಿಗೆ ಸಾಕು, ಆದರೆ ಮೊಬೈಲನ್ನು ಹತ್ತಿರ ಹಿಡಿದರೆ ಅಂಚು ಕಾಣುತ್ತದೆ. ಹಿಂದೆ ಸರಿದು 2ಎಕ್ಸ್ ಲೆನ್ಸ್ ಬಳಸಿ. ನೋಟದ ಕೋನ ಕಿರಿದಾಗುವುದರಿಂದ ಅದೇ ಹಾಳೆ ಸಾಲುತ್ತದೆ, ಬಾಟಲಿಯ ಆಕಾರವೂ ಸೊಟ್ಟಗಾಗುವುದಿಲ್ಲ. ಹಾಳೆಯನ್ನು ಗೋಡೆಯಿಂದ ಮೇಜಿಗೆ ಇಳಿಬಿಡುವಾಗ ಬಾಗು ಕನಿಷ್ಠ 15-20 ಸೆಂಟಿಮೀಟರ್ ತ್ರಿಜ್ಯದ್ದಿರಲಿ, ಇಲ್ಲದಿದ್ದರೆ ಮಡಿಕೆಯ ಗೆರೆ ಬೀಳುತ್ತದೆ. ಮಿನುಗುವ ಫ್ಲೋರೊಸೆಂಟ್ ಚಾರ್ಟ್‌ಗಳನ್ನು ಮಕ್ಕಳ ಪ್ರಾಜೆಕ್ಟಿಗೇ ಬಿಡಿ, ಆ ಬಣ್ಣ ಪರದೆಯಲ್ಲಿ ಸರಿಯಾಗಿ ಮೂಡುವುದೇ ಇಲ್ಲ. ಹೊಳಪಿನ ಫ್ಲೆಕ್ಸ್ ಕೂಡ ಬೇಡ. ಲೈಟಿನ ಬಿಂಬ ಅದರಲ್ಲೇ ಕೂರುತ್ತದೆ.

ಮುಂದೆ ಬಾಳುವುದು ಬಣ್ಣ ಬಳಿದ ಪ್ಲೈವುಡ್. 6 ಮಿಲಿಮೀಟರಿನ 8 x 4 ಅಡಿ ಶೀಟನ್ನು ಅಂಗಡಿಯಲ್ಲೇ 2 x 2 ಅಡಿಗೆ ಕೊಯ್ಯಿಸಿದರೆ 8 ತುಂಡು ಬರುತ್ತವೆ. ಕೊಡಗಿನ ಮಳೆಗಾಲಕ್ಕೆ ಎಂಡಿಎಫ್ ಸರಿಯಲ್ಲ, ಅಂಚಿನಿಂದ ನೀರು ಕುಡಿದು ಊದಿಕೊಳ್ಳುತ್ತದೆ. ಪ್ಲೈವುಡ್‌ಗೂ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಪ್ರೈಮರ್ ಹೊಡೆಯಲೇಬೇಕು. ಒಂದೇ ಮುಖಕ್ಕೆ ಬಳಿದರೆ ಇನ್ನೊಂದು ಮುಖ ತೇವ ಹೀರಿ ಹಿಗ್ಗಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಪ್ರೈಮರ್ ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಮ್ಯಾಟ್ ಎಮಲ್ಷನ್ 2 ಕೋಟು, ಸ್ಪಂಜಿನ ಸಣ್ಣ ರೋಲರಿನಲ್ಲಿ. ಬ್ರಷ್ಷಿನ ಗೆರೆಗಳು ಓರೆ ಬೆಳಕಿನಲ್ಲಿ ಉತ್ತ ಗದ್ದೆಯ ಸಾಲುಗಳಾಗಿ ಏಳುತ್ತವೆ. ಒಂದು ಹಲಗೆಯ ಒಂದು ಮುಖಕ್ಕೆ ಸುಮಾರು 40 ಮಿಲಿಲೀಟರ್ ಬೇಕು. 200 ಮಿಲಿಯ ಸ್ಯಾಂಪಲ್ ಡಬ್ಬಿ ಸಿಕ್ಕರೆ ನಾಲ್ಕು ಮುಖ ಆರಾಮಾಗಿ ಮುಗಿಯುತ್ತವೆ. ಹೊರಗೆ ಮಳೆ ಹಿಡಿದಿದ್ದರೆ ಕೋಟು ಕೋಟಿನ ನಡುವೆ ಒಂದು ರಾತ್ರಿ ಬಿಡಿ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಬಾಟಲಿ ಇಟ್ಟು ಎತ್ತಿದಾಗ ತಳಕ್ಕೆ ಅಂಟಿ ಬರುತ್ತದೆ.

ಬಣ್ಣದ ಆಯ್ಕೆಗೆ ಐದು ಸಾಕು. ಮಧ್ಯಮ ಬೂದು 118, 118, 118. ಗಾಢ ನೀಲಿ-ಬೂದು 70, 85, 100. ಸಪ್ಪೆ ಹಸಿರು 150, 160, 135. ಬೆಣ್ಣೆ ಬಣ್ಣ 235, 225, 205. ಇಟ್ಟಿಗೆ ಬಣ್ಣ 160, 90, 70. ಶೇಡ್ ಕಾರ್ಡ್ ನೋಡುವಾಗ ಕಣ್ಣಿಗೆ ಹೊಡೆಯುವ ಚೌಕವನ್ನು ಬಿಟ್ಟು, ಅದೇ ಬಣ್ಣಕ್ಕೆ ಬೂದು ಬೆರೆಸಿದಂತಿರುವ ಚೌಕ ಹುಡುಕಿ. ಎರಡು ಇಂಚಿನ ಚೌಕದಲ್ಲಿ ಸಪ್ಪೆ ಎನ್ನಿಸಿದ್ದು ಇಡೀ ಹಲಗೆಗೆ ಹರಡಿದಾಗ ಸಾಕಷ್ಟು ಗಟ್ಟಿಯಾಗಿಯೇ ಕಾಣುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ, ಬಣ್ಣ ಎಷ್ಟು ಶೇಕಡಾ ಬೆಳಕು ಮರಳಿಸುತ್ತದೆ ಎಂಬುದರ ಅಳತೆ. 18-20 ಇದ್ದರೆ ಮಧ್ಯಮ ಬೂದಿನಷ್ಟೇ ಗಾಢ.

ಹಲಗೆಗೆ ಕಲ್ಲಿನ ಮೈ ಬೇಕೆಂದರೆ ಎರಡು ಮೆಟ್ಟಿಲು ತಿಳಿಯಾದ ಬಣ್ಣವನ್ನು ಒದ್ದೆ ಸ್ಪಂಜಿನಿಂದ ಅಲ್ಲಲ್ಲಿ ಒತ್ತಿ ಹರಡಿ. ಕಲೆಗಳು ವಸ್ತುವಿನ ಗಾತ್ರಕ್ಕೆ ತಕ್ಕಂತಿರಲಿ. ಕಾಫಿ ಬೀಜದಷ್ಟೇ ದೊಡ್ಡ ಕಲೆಗಳಿದ್ದರೆ ಬೀಜ ಯಾವುದು, ಕಲೆ ಯಾವುದು ಎಂದು ಕಣ್ಣು ತಡಕಾಡುತ್ತದೆ. ಲೆನ್ಸಿನ ಕಿಂಡಿಯನ್ನು ಎಫ್ 8ರಿಂದ ಎಫ್ 11ರವರೆಗೆ ಕಿರಿದು ಮಾಡಿ ತೆಗೆಯುವಾಗ ನೆಲದ ಪ್ರತಿ ಗುಳ್ಳೆಯೂ ಫೋಕಸ್‌ನಲ್ಲಿ ಇರುತ್ತದೆ ಎಂಬುದು ನೆನಪಿರಲಿ.

ಕೋಣೆಯೂ ಒಂದು ಬಣ್ಣವೇ

ಕೊಡಗಿನ ಬಹಳ ಮನೆಗಳ ಕಿಟಕಿ ತೋಟಕ್ಕೆ ತೆರೆಯುತ್ತದೆ. ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದರಿಂದ ಬರುವ ಬೆಳಕು ಹಸಿರು. ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಬೆಣ್ಣೆ ಬಣ್ಣದ ಹಲಗೆ ಮಾತ್ರ ಫೋಟೊದಲ್ಲಿ ಪಾಚಿ ಕಟ್ಟಿದಂತೆ ಬರುತ್ತದೆ. ಕಿಟಕಿಗೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಮೃದುವಾಗುತ್ತದೆಯೇ ಹೊರತು ಹಸಿರು ಹೋಗುವುದಿಲ್ಲ. ಕಿಟಕಿಯ ಕೆಳ ಅರ್ಧಕ್ಕೆ ಕಪ್ಪು ಬಟ್ಟೆ ಕಟ್ಟಿ. ಗಿಡಗಳು ಕಾಣುವುದು ಆ ಭಾಗದಲ್ಲಿ, ಆಕಾಶ ಕಾಣುವುದು ಮೇಲಿನ ಅರ್ಧದಲ್ಲಿ. ಬೆಳಕು ಒಂದು ಸ್ಟಾಪ್ ಕಡಿಮೆಯಾದರೂ ಬಣ್ಣ ಶುದ್ಧವಾಗುತ್ತದೆ. ಹಳೇ ಮನೆಯ ಕೆಂಪು ಆಕ್ಸೈಡ್ ನೆಲವೂ ಹಾಗೆಯೇ, ಬಿಳಿ ವಸ್ತುವಿನ ನೆರಳಿನ ಬದಿಗೆ ಗುಲಾಬಿ ಹಚ್ಚುತ್ತದೆ. ಮೇಜಿನ ಸುತ್ತ ನೆಲಕ್ಕೆ ಹಳೇ ಬಿಳಿ ಪಂಚೆಯೋ ಕಪ್ಪು ಬಟ್ಟೆಯೋ ಹಾಸಿ.

ಕಿಟಕಿ ಬೆಳಕು ಮತ್ತು ಎಲ್‌ಇಡಿ ಎರಡನ್ನೂ ಬೆರೆಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ಬೆಳಕು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ದಾಟಿ ನೀಲಿಗೆ ವಾಲಿರುತ್ತದೆ, ಸ್ಟುಡಿಯೋ ಲೈಟು 5600ರ ಆಸುಪಾಸು. ಎರಡೂ ಸೇರಿದರೆ ಬೂದು ಹಲಗೆಯ ಎಡಭಾಗ ನೀಲಿ, ಬಲಭಾಗ ಹಳದಿ, ಬೆಳಕಿನ ಬಣ್ಣ ತಿದ್ದುವ ಯಾವ ವೈಟ್ ಬ್ಯಾಲೆನ್ಸ್ ಕೂಡ ಎರಡನ್ನೂ ಸರಿ ಮಾಡಲಾರದು. ಮಳೆಗಾಲದಲ್ಲಿ ಪರದೆ ಎಳೆದು ಎಲ್‌ಇಡಿ ಒಂದರಲ್ಲೇ ಕೆಲಸ ಮಾಡುವುದು ನೆಮ್ಮದಿ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಸಿಆರ್‌ಐ ಅಂಕಿ 95 ಅಥವಾ ಹೆಚ್ಚಿರುವ ಲೈಟು ಕೊಳ್ಳಿ. ಕಡು ಕೆಂಪನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಆರ್9 ಅಂಕಿಯನ್ನೂ ಕೇಳಿ. ಅದು ಕಡಿಮೆಯಿದ್ದರೆ ಇಟ್ಟಿಗೆ ಬಣ್ಣದ ಹಲಗೆಯೂ ಕಾಫಿ ಹಣ್ಣೂ ಮಣ್ಣುಬಣ್ಣಕ್ಕೆ ತಿರುಗುತ್ತವೆ. ಅಗ್ಗದ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗಬಹುದು. ಹಿನ್ನೆಲೆಯಲ್ಲಿ ಅಡ್ಡ ಪಟ್ಟಿ ಬಂದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಿದ್ದರೆ ಮತ್ತೊಮ್ಮೆ ಗ್ರೇ ಕಾರ್ಡಿನೊಂದಿಗೆ ಒಂದು ಫೋಟೊ ತೆಗೆಯಿರಿ, ಕೆಲವು ಲೈಟುಗಳ ಹೊಳಪು ಆಗ ಬದಲಾಗುತ್ತದೆ.

ಆಟೋ ವೈಟ್ ಬ್ಯಾಲೆನ್ಸ್‌ಗೆ ಬಣ್ಣದ ಹಿನ್ನೆಲೆ ಕಂಡರೆ ಗಾಬರಿ. ಚೌಕಟ್ಟಿನ ತುಂಬ ನೀಲಿ ಕಂಡರೆ ಬೆಳಕೇ ನೀಲಿ ಎಂದುಕೊಂಡು ಎಲ್ಲದಕ್ಕೂ ಹಳದಿ ಬೆರೆಸುತ್ತದೆ: ಹಲಗೆ ಬೂದಾಗುತ್ತದೆ, ಜೇನು ಕೆಂಪಾಗುತ್ತದೆ. ಮೊಬೈಲಿನ ಪ್ರೊ ಮೋಡ್‌ನಲ್ಲಿ ಕೆಲ್ವಿನ್ ಸಂಖ್ಯೆ ಕೈಯಿಂದಲೇ ಕೂರಿಸಿ, ಎಚ್‌ಡಿಆರ್ ಮತ್ತು ಸೀನ್ ಗುರುತಿಸುವ ಎಐ ಎರಡನ್ನೂ ಆಫ್ ಮಾಡಿ. ಪ್ರತಿ ಹಲಗೆ ಬದಲಿಸಿದಾಗ ಗ್ರೇ ಕಾರ್ಡಿನೊಂದಿಗೆ ಒಂದು ಫೋಟೊ ಇರಲಿ. ಲೈಟ್ ಸ್ಟ್ಯಾಂಡ್, ಮೇಜು, ಟ್ರೈಪಾಡ್ ನಿಂತ ಜಾಗಕ್ಕೆ ನೆಲದ ಮೇಲೆ ಟೇಪಿನ ಗುರುತು ಹಾಕಿಟ್ಟರೆ, ಆರು ತಿಂಗಳ ನಂತರ ಹೊಸ ಪ್ಯಾಕೆಟ್ ಬಂದಾಗ ಹಳೇ ಸಾಲಿಗೆ ಹೊಂದುವ ಬೂದು ಮತ್ತೆ ಸಿಗುತ್ತದೆ.

ಹಲಗೆಗಳನ್ನು ಒಂದರ ಮೇಲೊಂದು ಮಲಗಿಸದೆ ಪುಸ್ತಕದಂತೆ ನಿಲ್ಲಿಸಿಡಿ, ನಡುವೆ ಒಂದೊಂದು ನ್ಯೂಸ್‌ಪ್ರಿಂಟ್ ಹಾಳೆ, ಖಾಲಿಯದ್ದು. ಅಚ್ಚಾದ ಪೇಪರ್ ಇಟ್ಟರೆ ತೇವಕ್ಕೆ ಶಾಯಿ ಇಳಿದು ಬೆಣ್ಣೆ ಬಣ್ಣದ ಮೇಲೆ ಸುದ್ದಿ ಮೂಡುತ್ತದೆ. ಕಾಗದದ ರೋಲ್‌ಗಳನ್ನೂ ನಿಲ್ಲಿಸಿಯೇ ಇಡಬೇಕು, ಮಲಗಿಸಿದರೆ ನಡುವೆ ಜೋತು ಅಲೆ ಕಟ್ಟುತ್ತವೆ. ಪ್ಲಾಸ್ಟಿಕ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಾಯಿ ಕಟ್ಟಿ. ಗೋಡೆಗೆ ತಾಗಿಸಿ ಮಾತ್ರ ಇಡಬೇಡಿ, ಜುಲೈ ತಿಂಗಳ ಗೋಡೆ ಬೆವರುತ್ತದೆ. ಒಂದು ಗೇಣು ಜಾಗ ಬಿಟ್ಟರೆ ಬೂಷ್ಟು ಹಿಡಿಯುವುದು ಕಡಿಮೆ.